ಅಬಾಪ್‌ನ ‘ಸೈ’ ವೇರಿಯಬಲ್‌ಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ದಾವಣಗೆರೆಯ ವಿದ್ಯಾನಗರದಲ್ಲಿರುವ ನಮ್ಮ ಮನೆಯ ಮೇಲಿನ ಕೋಣೆಯಲ್ಲಿ ಸಂಜೆ ಆರರಿಂದ ಎಂಟರವರೆಗೆ ನಾಲ್ಕಾರು ಹುಡುಗ ಹುಡುಗಿಯರು ಅಬಾಪ್ ಕಲಿಯುತ್ತಾರೆ. ಕಂಪನಿಗಳ ವ್ಯವಹಾರ ನೋಡಿಕೊಳ್ಳುವ ಸ್ಯಾಪ್ ತಂತ್ರಾಂಶದ ಪ್ರೋಗ್ರಾಮಿಂಗ್ ಭಾಷೆ ಅದು. ಎಂಜಿನಿಯರಿಂಗ್ ಮುಗಿಸಿದವರು ಹೆಚ್ಚು; ಬಿ.ಕಾಂ. ಮಾಡಿ ಲೆಕ್ಕ ಬರೆಯುವುದು ಸಾಕಾಗಿ ಬಂದವರೂ ಇದ್ದಾರೆ. ಹಗಲು ನನ್ನ ಹೊಟ್ಟೆಪಾಡೂ ಅದೇ ಅಬಾಪ್. ಪ್ರತಿ ತಂಡವೂ ಎಡವುವ ಕಲ್ಲು ಮಾತ್ರ ಒಂದೇ: ಸಿಸ್ಟಮ್ ವೇರಿಯಬಲ್‌ಗಳು. ಹೇಳಿದ್ದನ್ನೇ ಹೇಳಿ ಗಂಟಲು ಒಣಗಿದ್ದರಿಂದ ಬರೆದಿಟ್ಟಿದ್ದೇನೆ. ಹೆಸರುಗಳನ್ನು ನಾವು ಬಾಯಲ್ಲಿ ಹೇಳುವ ಹಾಗೆಯೇ ಬರೆದಿದ್ದೇನೆ. ಕೋಡ್‌ನಲ್ಲಿ ಎಸ್, ವೈ ಎಂಬ ಎರಡು ಅಕ್ಷರ, ಒಂದು ಅಡ್ಡಗೆರೆ, ಆಮೇಲೆ ಹೆಸರು.

ನಾನು ಡಿಕ್ಲೇರ್ ಮಾಡಲೇ ಇಲ್ಲ, ಈ ವೇರಿಯಬಲ್ ಎಲ್ಲಿಂದ ಬಂತು?

ಅಬಾಪ್ ಪ್ರೋಗ್ರಾಂ ಓಡಲು ಶುರುವಾಗುವ ಹೊತ್ತಿಗೇ ಅದರ ಪಕ್ಕದಲ್ಲಿ ಒಂದು ಸ್ಟ್ರಕ್ಚರ್ (ಹಲವು ವೇರಿಯಬಲ್‌ಗಳ ಕಟ್ಟು) ಸಿದ್ಧವಾಗಿ ಕುಳಿತಿರುತ್ತದೆ. ಅದರ ಹೆಸರು ಸೈ. ಅದರ ಅಚ್ಚು ಸಿಸ್ಟ್ ಎಂಬ ಹೆಸರಿನಲ್ಲಿ ಡಿಕ್ಷನರಿಯಲ್ಲಿದೆ. ಡಿಕ್ಷನರಿ ಎಂದರೆ ಸ್ಯಾಪ್‌ನ ಡೇಟಾ ರಚನೆಗಳ ಪಟ್ಟಿ; ಅದನ್ನು ತೋರಿಸುವ ಎಸ್‌ಇ11 ಪರದೆಯಲ್ಲಿ ತೆರೆದು ನೋಡಿ. ಇವತ್ತು ಯಾವ ದಿನ, ಲಾಗಿನ್ ಆದವರು ಯಾರು, ಈಗಷ್ಟೇ ಓಡಿದ ಸ್ಟೇಟ್‌ಮೆಂಟ್ ಗೆದ್ದಿತೋ ಸೋತಿತೋ, ಲೂಪ್‌ನ ಎಷ್ಟನೆಯ ಸುತ್ತು ನಡೆಯುತ್ತಿದೆ, ಇವನ್ನೆಲ್ಲ ರನ್‌ಟೈಮ್ ತಾನೇ ಅದರಲ್ಲಿ ತುಂಬುತ್ತಾ ಹೋಗುತ್ತದೆ.

ನಮ್ಮ ತಂದೆ ಇಲ್ಲಿನ ಎಪಿಎಂಸಿಯ ದಲಾಲಿ ಅಂಗಡಿಯೊಂದರಲ್ಲಿ ಗುಮಾಸ್ತರಾಗಿದ್ದರು. ಅಂಗಡಿಯ ಬಾಗಿಲಲ್ಲಿ ಒಂದು ಕರಿಹಲಗೆ ಇತ್ತು. ಮೆಕ್ಕೆಜೋಳದ ಧಾರಣೆ ಬದಲಾದಂತೆಲ್ಲ ಹಳೆಯದನ್ನು ಒರೆಸಿ ಹೊಸದನ್ನು ಬರೆಯುತ್ತಿದ್ದರು. ಹತ್ತೂವರೆಯ ಧಾರಣೆ ಬೇಕೆಂದು ಹನ್ನೊಂದಕ್ಕೆ ಬಂದು ಹಲಗೆ ನೋಡಿದರೆ ಸಿಗುತ್ತಿರಲಿಲ್ಲ. ಬೇಕಾದವರು ಹತ್ತೂವರೆಗೇ ಚೀಟಿಯಲ್ಲಿ ಗೀಚಿಕೊಳ್ಳಬೇಕಿತ್ತು. ಸೈ ಎಂದರೆ ಆ ಹಲಗೆ. ಈ ಪುಟದ ಮುಕ್ಕಾಲು ಪ್ರಶ್ನೆಗಳು ಹಲಗೆಯನ್ನು ತಡವಾಗಿ ನೋಡಿದವರು ಕೇಳಿದವು.

ಹೆಸರುಗಳು ಏಕೆ ಇಷ್ಟು ವಿಚಿತ್ರ? ಡೇಟ್ ಎನ್ನುವ ಬದಲು ಡಾಟಮ್ ಏಕೆ?

ಸ್ಯಾಪ್ 1972ರಲ್ಲಿ ಜರ್ಮನಿಯಲ್ಲಿ ಹುಟ್ಟಿದ ಕಂಪನಿ. ಅಬಾಪ್ ಎಂಬ ಹೆಸರೇ ಮೂಲದಲ್ಲಿ ಜರ್ಮನ್ ಪದಗಳ ಮೊದಲಕ್ಷರಗಳನ್ನು ಜೋಡಿಸಿದ್ದು. ವರದಿ ಸಿದ್ಧಪಡಿಸುವ ಸಾಧನ ಎಂಬಷ್ಟು ಅದರ ಅರ್ಥ. ಡಾಟಮ್ ಎಂದರೆ ತಾರೀಕು. ಯುಜೈಟ್ ಎಂದು ನಾವು ಕರೆಯುವುದು ಗಡಿಯಾರದ ಹೊತ್ತಿಗೆ ಅವರಿಡುವ ಹೆಸರಿನ ಮೊಟಕು ರೂಪ. ಮ್ಯಾಂಡ್ಟ್ ಎಂಬುದು ಮಾಂಡಾಂಟ್, ಅಂದರೆ ಕ್ಲೈಂಟ್: ಒಂದೇ ಸಿಸ್ಟಮ್‌ನೊಳಗೆ ಬೇರೆಯಾಗಿಟ್ಟ ಡೇಟಾ ವಿಭಾಗ. ಟೇಬಲ್‌ಗಳಲ್ಲಿ ಕಾಣುವ ಸ್ಪ್ರಾಸ್ ಕೂಡ ಭಾಷೆಗಿರುವ ಜರ್ಮನ್ ಪದದ ತುಂಡು. ಇಷ್ಟು ತಿಳಿದರೆ ಉರು ಹೊಡೆಯುವ ಕಷ್ಟ ಅರ್ಧ ಇಳಿಯುತ್ತದೆ. ಇನ್ನು ‘ಸೈ’ ಎಂಬುದು ಕನ್ನಡದಲ್ಲಿ ‘ಸರಿ’ ಎಂಬ ಅರ್ಥ ಕೊಡುವುದು ಕೇವಲ ಕಾಕತಾಳೀಯ. ಆದರೂ ತರಗತಿಯಲ್ಲಿ ಅದು ನನಗೆ ಬಹಳ ಉಪಕಾರ ಮಾಡಿದೆ.

ಸೈ-ಸಬ್‌ಆರ್‌ಸಿ ಸೊನ್ನೆ ಬಂದರೆ ಸೋಲೇ, ಗೆಲುವೇ?

ಗೆಲುವು. ಈಗಷ್ಟೇ ಓಡಿದ ಸ್ಟೇಟ್‌ಮೆಂಟ್‌ನ ಫಲಿತಾಂಶ ಹೇಳುವುದು ಸಬ್‌ಆರ್‌ಸಿ. ಪರೀಕ್ಷೆಯಲ್ಲಿ ಸೊನ್ನೆ ಬಂದರೆ ಮುಖ ಬಾಡುವ ನಮಗೆ ಇದು ಒಗ್ಗಲು ವಾರ ಹಿಡಿಯುತ್ತದೆ. ಸೊನ್ನೆ ಎಂದರೆ ತಕರಾರಿಲ್ಲ ಎಂದು ಓದಿಕೊಳ್ಳಿ.

ಈ ಒಂದು ವೇರಿಯಬಲ್ಲನ್ನು ನೋಡದೆ ಮುಂದೆ ಹೋದರೆ ಏನಾಗುತ್ತದೆ ಎಂಬುದನ್ನು ನಾನು ನನ್ನದೇ ಕೋಡ್‌ನಿಂದ ಕಲಿತೆ. ಮೆಕ್ಕೆಜೋಳ ಕೊಳ್ಳುವ ಕಾರ್ಖಾನೆಯೊಂದಕ್ಕೆ ಪಾವತಿಯ ವರದಿ ಬರೆಯುತ್ತಿದ್ದೆ. ದಿನದ ತೂಕದ ಚೀಟಿಗಳ ಮೇಲೆ ಲೂಪ್. ಪ್ರತಿ ಚೀಟಿಗೂ ಮಾರಾಟಗಾರರ ಬ್ಯಾಂಕ್ ವಿವರವನ್ನು ಡೇಟಾಬೇಸ್‌ನಿಂದ ಒಂದು ಸಾಲು ಓದುವ ಸೆಲೆಕ್ಟ್ ಸಿಂಗಲ್‌ನಿಂದ ಒಂದು ವರ್ಕ್ ಏರಿಯಾಕ್ಕೆ (ಆ ಸಾಲನ್ನು ಹಿಡಿದಿಡುವ ವೇರಿಯಬಲ್) ತರುವುದು. ತಂದದ್ದನ್ನು ವರದಿಯ ಸಾಲಿಗೆ ಸೇರಿಸುವುದು. ಮೊದಲ ಚೀಟಿ ಹೊನ್ನಾಳಿಯ ರೈತರದು, ವಿವರ ಸಿಕ್ಕಿತು. ಎರಡನೆಯದು ಜಗಳೂರಿನ ರೈತರದು. ಅವರ ಬ್ಯಾಂಕ್ ವಿವರವನ್ನು ಇನ್ನೂ ಯಾರೂ ತುಂಬಿರಲಿಲ್ಲ. ಸಬ್‌ಆರ್‌ಸಿ 4 ಎಂದು ಕೂಗಿ ಹೇಳಿತು, ನಾನು ಕೇಳಿಸಿಕೊಳ್ಳಲಿಲ್ಲ. ಸೆಲೆಕ್ಟ್ ಸಿಂಗಲ್‌ಗೆ ಏನೂ ಸಿಗದಿದ್ದರೆ ಅದು ವರ್ಕ್ ಏರಿಯಾವನ್ನು ಖಾಲಿ ಮಾಡುವುದಿಲ್ಲ, ಇದ್ದದ್ದನ್ನು ಇದ್ದ ಹಾಗೆ ಬಿಟ್ಟುಬಿಡುತ್ತದೆ. ಹೀಗಾಗಿ ಜಗಳೂರಿನ ರೈತರ ಹೆಸರಿನ ಮುಂದೆ ಹೊನ್ನಾಳಿಯವರ ಖಾತೆ ಸಂಖ್ಯೆ ಬಂದು ಕುಳಿತಿತು. ಎಲ್ಲಿಯೂ ದೋಷದ ಸಂದೇಶ ಇಲ್ಲ, ಪ್ರೋಗ್ರಾಂ ಮುರಿದು ಬೀಳುವ ಡಂಪ್ ಇಲ್ಲ. ವರದಿ ಅಚ್ಚುಕಟ್ಟಾಗಿ ಕಾಣುತ್ತಿತ್ತು. ಒಂದೇ ಖಾತೆ ಎರಡು ಸಾಲಿನಲ್ಲಿ ಇರುವುದನ್ನು ಕಂಡು ಲೆಕ್ಕಪತ್ರ ವಿಭಾಗದ ಹಿರಿಯರೊಬ್ಬರು ಪೆನ್ಸಿಲ್‌ನಿಂದ ಸುತ್ತು ಹಾಕಿದ್ದರಿಂದ ಹಣ ಹೋಗಲಿಲ್ಲ.

ಅಂದಿನಿಂದ ನನ್ನ ರೂಢಿ: ಓದುವ ಮುನ್ನ ವರ್ಕ್ ಏರಿಯಾಕ್ಕೆ ಕ್ಲಿಯರ್, ಓದಿದ ಮರುಸಾಲಿನಲ್ಲೇ ಸಬ್‌ಆರ್‌ಸಿ ಪರೀಕ್ಷೆ.

ಪರೀಕ್ಷಿಸಿದ್ದೇನೆ, ಆದರೂ ತಪ್ಪು ಉತ್ತರ ಬರುತ್ತಿದೆ. ಏಕೆ?

ಕೋಡ್ ತೋರಿಸಿ ಎಂದರೆ ಹತ್ತರಲ್ಲಿ ಎಂಟು ಸಲ ಒಂದೇ ದೃಶ್ಯ. ಸೆಲೆಕ್ಟ್‌ಗೂ ಇಫ್‌ಗೂ ನಡುವೆ ಮತ್ತೇನೋ ನುಸುಳಿರುತ್ತದೆ: ಮೆಮೊರಿಯಲ್ಲಿರುವ ಪಟ್ಟಿಯಿಂದ ಸಾಲು ಓದುವ ಒಂದು ರೀಡ್ ಟೇಬಲ್, ಇಲ್ಲವೇ ಒಂದು ಫಂಕ್ಷನ್ ಕರೆ. ಅದು ಬಂದು ಹಲಗೆ ಒರೆಸಿ ತನ್ನದನ್ನು ಬರೆದುಬಿಟ್ಟಿತು. ನೀವು ಪರೀಕ್ಷಿಸುತ್ತಿರುವುದು ಅದರ ಫಲಿತಾಂಶವನ್ನು.

ಇದರ ತದ್ವಿರುದ್ಧದ ತಪ್ಪೂ ಇದೆ. ಎಲ್ಲ ಸ್ಟೇಟ್‌ಮೆಂಟ್‌ಗಳೂ ಸಬ್‌ಆರ್‌ಸಿಯನ್ನು ಮುಟ್ಟುವುದಿಲ್ಲ. ಒಂದು ವೇರಿಯಬಲ್‌ನಿಂದ ಇನ್ನೊಂದಕ್ಕೆ ಬೆಲೆ ವರ್ಗಾಯಿಸುವ ಸಾಲು ಅದನ್ನು ಬದಲಿಸದು. ಅದರ ಕೆಳಗೆ ಇಫ್ ಬರೆದರೆ ಎಂದೋ ಓಡಿದ ಸಾಲಿನ ಫಲಿತಾಂಶವೇ ಕಣ್ಣಿಗೆ ಬೀಳುತ್ತದೆ. ಯಾವ ಸಾಲು ಮುಟ್ಟುತ್ತದೆ, ಯಾವುದು ಮುಟ್ಟುವುದಿಲ್ಲ ಎಂಬ ಅನುಮಾನ ಬಂದರೆ ಆ ಪದದ ಮೇಲೆ ಕರ್ಸರ್ ಇಟ್ಟು ಎಫ್1 ಒತ್ತಿ. ನಾನು ಇಷ್ಟು ವರ್ಷಗಳ ನಂತರವೂ ಒತ್ತುತ್ತೇನೆ.

4, 8, 12 ಎಂದರೆ ಎಲ್ಲ ಕಡೆಯೂ ಒಂದೇ ಅರ್ಥವೇ?

ಇಲ್ಲ. ಸೆಲೆಕ್ಟ್‌ನಲ್ಲಿ 4 ಎಂದರೆ ಯಾವ ಸಾಲೂ ಸಿಗಲಿಲ್ಲ. ಅಥಾರಿಟಿ ಚೆಕ್‌ನಲ್ಲಿ 4 ಎಂದರೆ ಅನುಮತಿ ಇದೆ, ಆದರೆ ಈ ಮೌಲ್ಯಕ್ಕಿಲ್ಲ. 12 ಎಂದರೆ ಆ ಅನುಮತಿಯೇ ಬಳಕೆದಾರರ ಬಳಿ ಇಲ್ಲ. ಬೈನರಿ ಸರ್ಚ್ ಇರುವ ರೀಡ್ ಟೇಬಲ್ 8 ಕೊಟ್ಟರೆ, ಹುಡುಕಿದ ಸಾಲು ಪಟ್ಟಿಯ ಕೊನೆಯನ್ನೂ ದಾಟಿ ಆಚೆ ಬರಬೇಕಿತ್ತು ಎಂದರ್ಥ. ಫಂಕ್ಷನ್ ಮಾಡ್ಯೂಲ್ ಕರೆದಾಗ ಬರುವ ಸಂಖ್ಯೆಗಳಂತೂ ಎಕ್ಸೆಪ್ಷನ್ಸ್ ಎಂಬಲ್ಲಿ ನೀವೇ ಕೊಟ್ಟವು. ಅಲ್ಲಿ ಎಲ್ಲಕ್ಕೂ 1 ಎಂದು ಬರೆದು, ಯಾವ ದೋಷ ಬಂತೋ ತಿಳಿಯುತ್ತಿಲ್ಲ ಎಂದು ನನ್ನನ್ನು ಕೇಳಬೇಡಿ.

ಸೈ-ಟ್ಯಾಬಿಕ್ಸ್ ಮತ್ತು ಸೈ-ಇಂಡೆಕ್ಸ್ ಎರಡೂ ಎಣಿಸುತ್ತವೆ. ಯಾವಾಗ ಯಾವುದು?

ಡು ಮತ್ತು ವೈಲ್ ಸುತ್ತುಗಳಿಗೆ ಇಂಡೆಕ್ಸ್. ಇಂಟರ್ನಲ್ ಟೇಬಲ್ಲಿನ, ಅಂದರೆ ಮೆಮೊರಿಯಲ್ಲಿರುವ ಪಟ್ಟಿಯ, ಲೂಪ್‌ಗೆ ಟ್ಯಾಬಿಕ್ಸ್. ಇಂಡೆಕ್ಸ್ ಎಷ್ಟನೆಯ ಸುತ್ತು ಎಂದು ಹೇಳುತ್ತದೆ; ಟ್ಯಾಬಿಕ್ಸ್ ಎಷ್ಟನೆಯ ಸಾಲು ಎಂದು ಹೇಳುತ್ತದೆ. ಷರತ್ತು ಹಾಕಿದ ಲೂಪ್‌ನಲ್ಲಿ ಮೊದಲ ಸುತ್ತಿಗೇ ಟ್ಯಾಬಿಕ್ಸ್ 7 ಎಂದು ತೋರಿಸಬಹುದು, ಏಕೆಂದರೆ ಷರತ್ತಿಗೆ ಹೊಂದಿದ ಮೊದಲ ಸಾಲು ಏಳನೆಯದು. ಹ್ಯಾಶ್ಡ್ ಟೇಬಲ್‌ಗೆ ಸಾಲು ಸಂಖ್ಯೆ ಎಂಬುದೇ ಇಲ್ಲವಾದ್ದರಿಂದ ಅಲ್ಲಿ ಅದು ಸೊನ್ನೆ.

ಒಂದರೊಳಗೊಂದು ಲೂಪ್ ಇದ್ದರೆ ಹೆದರಬೇಕಾಗಿಲ್ಲ; ಒಳಗಿನದು ಮುಗಿದಾಗ ಹೊರಗಿನ ಬೆಲೆ ತಾನಾಗಿ ಮರಳುತ್ತದೆ. ಹೆದರಬೇಕಾದದ್ದು ಲೂಪ್‌ನೊಳಗಿನ ರೀಡ್ ಟೇಬಲ್‌ಗೆ. ಹುಡುಗನೊಬ್ಬ ಲಾರಿಗಳ ಪಟ್ಟಿಯ ಮೇಲೆ ಲೂಪ್ ಹಾಕಿ, ಒಳಗೆ ಧಾರಣೆಯ ಪಟ್ಟಿಯನ್ನು ರೀಡ್ ಮಾಡಿ, ನಂತರ ಟ್ಯಾಬಿಕ್ಸ್ ಸೂಚಿಸಿದ ಸಾಲನ್ನು ಮಾಡಿಫೈ ಮಾಡಿದ್ದ. ಹತ್ತು ಲಾರಿಗಳಿದ್ದವು. ಧಾರಣೆ ಮೂರೇ ಬಗೆ. ಪರಿಣಾಮವಾಗಿ ಮೊದಲ ಮೂರು ಲಾರಿಗಳ ಸಾಲುಗಳೇ ಮತ್ತೆ ಮತ್ತೆ ತಿದ್ದಲ್ಪಟ್ಟು, ಉಳಿದ ಏಳಕ್ಕೆ ಧಾರಣೆಯೇ ಬರಲಿಲ್ಲ. “ಅಕ್ಕಾ, ಮೂರು ಲಾರಿಗೆ ಮಾತ್ರ ಓಡುತ್ತಿದೆ, ಮೆಮೊರಿ ಕಡಿಮೆ ಇದೆಯೇ?” ಎಂದು ಕೇಳಿದ. ಮೆಮೊರಿಯದು ತಪ್ಪೇನಿಲ್ಲ. ಲೂಪ್‌ನ ಮೊದಲ ಸಾಲಿನಲ್ಲೇ ಟ್ಯಾಬಿಕ್ಸ್ ಬೆಲೆಯನ್ನು ನಿಮ್ಮದೇ ವೇರಿಯಬಲ್‌ಗೆ ತೆಗೆದಿಡಿ. ಇಲ್ಲವೇ ಅಸೈನಿಂಗ್ ಬಳಸಿ ಫೀಲ್ಡ್ ಸಿಂಬಲ್ (ಆ ಸಾಲಿಗೇ ಇಟ್ಟ ಇನ್ನೊಂದು ಹೆಸರು) ಮೂಲಕ ಸಾಲನ್ನೇ ನೇರವಾಗಿ ತಿದ್ದಿ. ಆಗ ಸಂಖ್ಯೆಯ ಗೊಡವೆಯೇ ಬೇಡ. ನಾನು ಮಾಡುವುದು ಎರಡನೆಯದನ್ನೇ.

ಸೈ-ಡಾಟಮ್ ನಿನ್ನೆಯ ತಾರೀಕು ತೋರಿಸುತ್ತಿದೆ. ಸರ್ವರ್ ಕೆಟ್ಟಿದೆಯೇ?

ಕೆಟ್ಟಿಲ್ಲ. ಸೈ-ಡಾಟಮ್, ಸೈ-ಯುಜೈಟ್ ಎರಡೂ ಸರ್ವರ್ ಇರುವ ಸಮಯ ವಲಯದ ಲೆಕ್ಕ ಹೇಳುತ್ತವೆ, ನೀವು ಕುಳಿತ ಊರಿನದನ್ನಲ್ಲ. ಹಿಂದೆ ನಾನು ಕೆಲಸ ಮಾಡಿದ ಯೋಜನೆಯೊಂದರಲ್ಲಿ ಸರ್ವರ್ ಜರ್ಮನಿಯ ಸಮಯದಲ್ಲಿತ್ತು, ಲಾರಿಗಳು ನಿಲ್ಲುತ್ತಿದ್ದದ್ದು ನಮ್ಮ ಹಳೆ ಪಿ.ಬಿ. ರಸ್ತೆಯ ಕಡೆ. ಮೆಕ್ಕೆಜೋಳದ ಸುಗ್ಗಿಯಲ್ಲಿ ವೇ ಬ್ರಿಡ್ಜ್‌ಗೆ ರಾತ್ರಿಯೂ ಬಿಡುವಿಲ್ಲ. ಡಿಸೆಂಬರ್‌ನ ಒಂದು ರಾತ್ರಿ 1 ಗಂಟೆ 10 ನಿಮಿಷಕ್ಕೆ ತೂಕವಾದ ಲಾರಿಯ ಚೀಟಿಯಲ್ಲಿ ಹಿಂದಿನ ದಿನದ ತಾರೀಕು, ಸಮಯ 20.40 ಎಂದು ಅಚ್ಚಾಗಿ ಬಂತು. ಚಾಲಕ ಚೀಟಿಯನ್ನು ದೀಪಕ್ಕೆ ಹಿಡಿದು ನೋಡಿ, “ನಾನು ಆಗ ಹರಪನಹಳ್ಳಿಯಲ್ಲಿ ಊಟ ಮಾಡುತ್ತಿದ್ದೆ” ಎಂದನಂತೆ. ಅವನ ಮಾತು ಸರಿ. ಚಳಿಗಾಲದಲ್ಲಿ ಜರ್ಮನಿ ನಮಗಿಂತ ನಾಲ್ಕೂವರೆ ಗಂಟೆ ಹಿಂದೆ. ಬೇಸಿಗೆಯಲ್ಲಿ ಅವರು ಗಡಿಯಾರ ಮುಂದಿಡುವುದರಿಂದ ಮೂರೂವರೆ ಗಂಟೆ.

ಚೀಟಿ ತಪ್ಪಿದರೆ ತಿದ್ದಬಹುದು. ಮಾರ್ಚ್ 31ರ ರಾತ್ರಿಯದು ಬೇರೆ ಕಥೆ. ಯುರೋಪಿನಲ್ಲಿ ಗಡಿಯಾರ ಬದಲಾಗುವುದು ಮಾರ್ಚ್‌ನ ಕೊನೆಯ ಭಾನುವಾರ. ಆದ್ದರಿಂದ ಏಪ್ರಿಲ್ 1ರ ಹೊತ್ತಿಗೆ ಅಂತರ ಮೂರೂವರೆ ಗಂಟೆ ಆಗಿರುತ್ತದೆ. ಅಂದರೆ ಆ ದಿನ ನಸುಕಿನ 3.30ರವರೆಗೆ ಇಲ್ಲಿ ತೂಕವಾದ ಪ್ರತಿ ಮೂಟೆಯೂ ಸೈ-ಡಾಟಮ್‌ನ ಪ್ರಕಾರ ಕಳೆದ ಹಣಕಾಸು ವರ್ಷದ್ದು. ಲೆಕ್ಕ ಪರಿಶೋಧಕರಿಗೆ ಸಮಯ ವಲಯದ ಪಾಠ ಹೇಳಿಕೊಡಲು ಹೋದವರ ಪಾಡು ಯಾರಿಗೂ ಬೇಡ.

ಹಾಗಾದರೆ ಸೈ-ಡಾಟ್‌ಲೋ ಬಳಸಿದರೆ ಸಾಕಲ್ಲವೇ?

ಅರ್ಧ ಸಾಕು. ಸೈ-ಡಾಟ್‌ಲೋ, ಸೈ-ಟಿಮ್‌ಲೋ ಬಳಕೆದಾರರ ಸಮಯ ವಲಯದ ತಾರೀಕು ಮತ್ತು ಹೊತ್ತನ್ನು ಕೊಡುತ್ತವೆ. ಆ ವಲಯ ಯಾವುದೆಂದು ಸೈ-ಝೋನ್‌ಲೋ ಹೇಳುತ್ತದೆ. ಭಾರತದ ವಲಯಕ್ಕೆ ಸ್ಯಾಪ್‌ನಲ್ಲಿ ಇಂಡಿಯಾ ಎಂದೇ ಕೀಲಿ. ಆದರೆ ಬಳಕೆದಾರರ ಖಾತೆಯಲ್ಲಿ ವಲಯವನ್ನು ಯಾರೂ ತುಂಬಿರದಿದ್ದರೆ? ವೇ ಬ್ರಿಡ್ಜ್ ಗುಮಾಸ್ತರ ಬದಲು ಪರದೆಯಿಲ್ಲದೆ ತಾನೇ ಓಡುವ ರಾತ್ರಿಯ ಬ್ಯಾಕ್‌ಗ್ರೌಂಡ್ ಜಾಬ್ ಬೇರೆ ಖಾತೆಯಲ್ಲಿ ಓಡಿದರೆ? ಲಾರಿ ತೂಗಿದ ದಿನ ಯಾವುದೆಂಬುದು ವೇ ಬ್ರಿಡ್ಜ್ ಇರುವ ಊರಿಗೆ ಸೇರಿದ ಸಂಗತಿ, ಲಾಗಿನ್ ಆದವರಿಗೆ ಸೇರಿದ್ದಲ್ಲ. ನನ್ನ ಅಭಿಪ್ರಾಯ ಇದು: ಗೆಟ್ ಟೈಮ್ ಸ್ಟ್ಯಾಂಪ್‌ನಿಂದ ಯುಟಿಸಿ ಸಮಯ (ಜಗತ್ತಿಗೆಲ್ಲ ಒಂದೇ ಆದ ಪ್ರಮಾಣಿತ ಸಮಯ, ನಮಗಿಂತ ಐದೂವರೆ ಗಂಟೆ ಹಿಂದೆ) ತೆಗೆದು ಅದನ್ನೇ ಟೇಬಲ್‌ನಲ್ಲಿ ಇಡಿ, ಚೀಟಿಗೆ ಅಚ್ಚು ಹಾಕುವಾಗ ಕನ್ವರ್ಟ್ ಟೈಮ್ ಸ್ಟ್ಯಾಂಪ್ ಬಳಸಿ, ಆ ಸ್ಥಳದ ವಲಯ ಕೊಟ್ಟು, ತಾರೀಕು ಮತ್ತು ಹೊತ್ತನ್ನು ಪಡೆಯಿರಿ. ನಾಲ್ಕು ಸಾಲು ಹೆಚ್ಚು ಬರೆಯಬೇಕು, ಅಷ್ಟೇ.

ರಾತ್ರಿ ಹನ್ನೊಂದೂವರೆಗೆ ಶುರುವಾದ ಜಾಬ್ ಎರಡು ಗಂಟೆಗೆ ಮುಗಿಯಿತು. ಎಲ್ಲ ಸಾಲಿಗೂ ಹಳೆಯ ತಾರೀಕೇ ಬಿದ್ದಿದೆ. ಇದೂ ಸಮಯ ವಲಯದ ಕಾಟವೇ?

ಇದು ಬೇರೆ. ಸೈ-ಡಾಟಮ್ ಓಡುವ ಗಡಿಯಾರವಲ್ಲ, ತೆಗೆದಿಟ್ಟ ಫೋಟೋ. ಪ್ರೋಗ್ರಾಂ ಶುರುವಾದಾಗ ಮತ್ತು ಪರದೆಯನ್ನು ಬಳಕೆದಾರರಿಗೆ ಕಳುಹಿಸಿದಾಗ ಅದು ಹೊಸದಾಗುತ್ತದೆ. ಬ್ಯಾಕ್‌ಗ್ರೌಂಡ್ ಜಾಬ್‌ನಲ್ಲಿ ಪರದೆ ಎಲ್ಲಿಯದು? ಆದ್ದರಿಂದ ಹನ್ನೊಂದೂವರೆಯ ಫೋಟೋವೇ ಎರಡು ಗಂಟೆಯವರೆಗೆ ಗೋಡೆಯ ಮೇಲೆ ನೇತಾಡುತ್ತದೆ. ಹೊಸದು ಬೇಕಾದ ಕಡೆ ಗೆಟ್ ಟೈಮ್ ಎಂದು ಬರೆಯಿರಿ.

ಆದರೆ ಎಲ್ಲ ಸಾಲಿಗೂ ಒಂದೇ ತಾರೀಕು ಬೀಳುವುದೇ ಎಷ್ಟೋ ಸಲ ಸರಿ. ದಿನದ ಮುಕ್ತಾಯದ ಲೆಕ್ಕ ಅರ್ಧ ಇವತ್ತಿಗೆ, ಅರ್ಧ ನಾಳೆಗೆ ಬಿದ್ದರೆ ಇನ್ನೂ ಕಷ್ಟ. ತಾರೀಕು ಬದಲಾಗಬೇಕೋ ಬೇಡವೋ ಎಂದು ವ್ಯವಹಾರದವರನ್ನು ಕೇಳಿ. ಬೇಡವೆಂದರೆ ಆರಂಭದಲ್ಲೇ ನಿಮ್ಮ ವೇರಿಯಬಲ್‌ಗೆ ತೆಗೆದಿಟ್ಟುಕೊಂಡು ಕೊನೆಯವರೆಗೆ ಅದನ್ನೇ ಬಳಸಿ.

ಸೈ ವೇರಿಯಬಲ್‌ಗೆ ನಾನೇ ಬೆಲೆ ಕೊಡಬಹುದೇ?

ಬಹಳಷ್ಟಕ್ಕೆ ಕಂಪೈಲರ್ ತಡೆಯುವುದಿಲ್ಲ. ಆದರೂ ಬೇಡ. ಹಿಂದಿನ ತಿಂಗಳ ಕೊನೆಯ ದಿನ ಕಂಡುಹಿಡಿಯುವ ಹಳೆಯ ಉಪಾಯ ಎಲ್ಲರಿಗೂ ಗೊತ್ತು: ತಾರೀಕಿನ ಕೊನೆಯ ಎರಡು ಅಂಕಿಗಳನ್ನು 01 ಮಾಡಿ, ಅದರಿಂದ 1 ಕಳೆಯುವುದು. ಇದನ್ನು ನೇರವಾಗಿ ಸೈ-ಡಾಟಮ್ ಮೇಲೆಯೇ ಪ್ರಯೋಗಿಸಿದ ಕೋಡ್ ನೋಡಿದ್ದೇನೆ. ಅದರ ಕೆಳಗೆ ಓಡಿದ ಎಲ್ಲ ಸಾಲುಗಳೂ ಹೋದ ತಿಂಗಳಲ್ಲಿ ಬದುಕುತ್ತಿದ್ದವು. ಮೊದಲು ಪ್ರತಿ ಮಾಡಿ, ಪ್ರತಿಯ ಮೇಲೆ ಕತ್ತರಿ ಆಡಿಸಿ.

ಸೈ-ಡಿಬಿಸಿಎನ್‌ಟಿ ಯಾತಕ್ಕೆ?

ಡೇಟಾಬೇಸ್‌ನಲ್ಲಿ ಎಷ್ಟು ಸಾಲು ಓದಿದಿರಿ, ಸೇರಿಸಿದಿರಿ, ಅಳಿಸಿದಿರಿ ಎಂದು ತಿಳಿಯಲು. ಅಪ್‌ಡೇಟ್ ಮಾಡಿದ ನಂತರ ಒಂದೇ ಸಾಲು ಬದಲಾಗಬೇಕಿತ್ತು, 3000 ಬದಲಾದವು ಎಂಬುದನ್ನು ಕಮಿಟ್‌ಗೆ, ಅಂದರೆ ಬದಲಾವಣೆ ಕಾಯಂ ಆಗುವುದಕ್ಕೆ, ಮುಂಚೆ ಹೇಳುವುದು ಇದೊಂದೇ.

ದಾಖಲೆ ಬದಲಿಸಿದ್ದು ಯಾರೆಂದು ತಿಳಿಯಲು ಸೈ-ಯುನೇಮ್ ಇಟ್ಟಿದ್ದೇನೆ. ಎಲ್ಲಕ್ಕೂ ಒಂದೇ ಹೆಸರು ಬರುತ್ತಿದೆ.

ಬದಲಾವಣೆ ಬ್ಯಾಕ್‌ಗ್ರೌಂಡ್ ಜಾಬ್‌ನಿಂದ ಆಗುತ್ತಿದ್ದರೆ ಜಾಬ್ ಯಾರ ಖಾತೆಯಲ್ಲಿ ಓಡುತ್ತಿದೆಯೋ ಅವರ ಹೆಸರೇ ಬರುತ್ತದೆ. ಸೈ-ಬ್ಯಾಚ್‌ನಲ್ಲಿ ಎಕ್ಸ್ ಇದ್ದರೆ ಬ್ಯಾಕ್‌ಗ್ರೌಂಡ್‌ನಲ್ಲಿದ್ದೀರಿ. ಪರದೆಯಲ್ಲಿ ಬಟನ್ ಒತ್ತಿದವರ ಹೆಸರು ಬೇಕಾದರೆ ಅದನ್ನು ಆಗಲೇ ಟೇಬಲ್‌ಗೆ ಬರೆದು, ಜಾಬ್ ಅಲ್ಲಿಂದ ಓದುವಂತೆ ಮಾಡಬೇಕು.

ಯುನೇಮ್ ಬಗ್ಗೆ ಇನ್ನೊಂದು ಮಾತು, ಸ್ವಲ್ಪ ಸಿಟ್ಟಿನಿಂದ. ಪರೀಕ್ಷಿಸಲು ಸುಲಭವಾಗಲಿ ಎಂದು “ಯುನೇಮ್ ನನ್ನ ಹೆಸರಾಗಿದ್ದರೆ ಅನುಮತಿ ಪರೀಕ್ಷೆ ಬಿಡು” ಎಂದು ಬರೆಯುವವರಿದ್ದಾರೆ. ಅಳಿಸಲು ಮರೆಯುತ್ತಾರೆ. ಕೆಲಸ ಬಿಟ್ಟು ಹೋಗುತ್ತಾರೆ. ಮನೆಯ ಹಿಂಬಾಗಿಲಿನ ಕೀಲಿಯನ್ನು ಹೂಕುಂಡದ ಕೆಳಗಿಟ್ಟು ಊರು ಬಿಟ್ಟ ಹಾಗೆ ಇದು. ಭದ್ರತಾ ತಪಾಸಣೆ ಮಾಡುವವರು ಕೋಡ್‌ನಲ್ಲಿ ಮೊದಲು ಹುಡುಕುವ ಸಂಗತಿಗಳಲ್ಲಿ ಇದೂ ಒಂದು.

ಸೈ-ಮ್ಯಾಂಡ್ಟ್ ಅನ್ನು ಪ್ರತಿ ಸೆಲೆಕ್ಟ್‌ನಲ್ಲೂ ಬರೆಯಬೇಕೇ?

ಬೇಡ. ಅಬಾಪ್‌ನ ಎಸ್‌ಕ್ಯುಎಲ್ ನೀವು ಲಾಗಿನ್ ಆದ ಕ್ಲೈಂಟ್‌ನ ಸಾಲುಗಳನ್ನು ಮಾತ್ರ ತಾನಾಗಿಯೇ ತರುತ್ತದೆ.

ಪರದೆಯಲ್ಲಿ ಎಂಟರ್ ಒತ್ತಿದರೆ ಹಿಂದಿನ ಬಟನ್‌ನ ಕೆಲಸ ಮತ್ತೆ ನಡೆಯುತ್ತದೆ. ಸೈ-ಯುಕಾಮ್‌ನದು ತಪ್ಪೇ?

ಒತ್ತಿದ ಬಟನ್‌ನ ಸಂಕೇತ ಯುಕಾಮ್‌ನಲ್ಲಿರುತ್ತದೆ. ಆದರೆ ಡೈನ್‌ಪ್ರೋ, ಅಂದರೆ ಸ್ಯಾಪ್‌ನ ಹಳೆಯ ಬಗೆಯ, ಪರದೆಯಲ್ಲಿ ಅದನ್ನು ನೆಚ್ಚಿಕೊಳ್ಳಬೇಡಿ. ಓಕೆ ಕೋಡ್ ಎಂಬ ನಿಮ್ಮದೇ ವೇರಿಯಬಲ್ ಕಟ್ಟಿ, ಪರದೆಯಿಂದ ಬಂದೊಡನೆ ಅದರ ಬೆಲೆಯನ್ನು ಇನ್ನೊಂದಕ್ಕೆ ವರ್ಗಾಯಿಸಿ, ಮೂಲವನ್ನು ಕ್ಲಿಯರ್ ಮಾಡಿ. ಕ್ಲಿಯರ್ ಮರೆತದ್ದೇ ಈ ಕಾಟಕ್ಕೆ ಕಾರಣ.

ಹೊಸ ಅಬಾಪ್ ಕ್ಲೌಡ್‌ನಲ್ಲಿ ಇವೆಲ್ಲ ನಡೆಯುತ್ತವೆಯೇ?

ಸಬ್‌ಆರ್‌ಸಿ, ಟ್ಯಾಬಿಕ್ಸ್, ಇಂಡೆಕ್ಸ್ ಮೊದಲಿನ ಹಾಗೆಯೇ. ತಾರೀಕು, ಬಳಕೆದಾರ, ಭಾಷೆ ಇಂಥವಕ್ಕೆ ಸೈ ಮುಟ್ಟದೆ ಸಿಎಲ್ ಅಬಾಪ್ ಕಾಂಟೆಕ್ಸ್ಟ್ ಇನ್ಫೋ ಎಂಬ ಕ್ಲಾಸ್‌ನ ಮೆಥಡ್‌ಗಳನ್ನು ಕರೆಯಬೇಕು: ಗೆಟ್ ಸಿಸ್ಟಮ್ ಡೇಟ್, ಗೆಟ್ ಯೂಸರ್ ಟೆಕ್ನಿಕಲ್ ನೇಮ್ ಹೀಗೆ. ಸಿಡಿಎಸ್ ವ್ಯೂ (ಟೇಬಲ್‌ಗಳ ಮೇಲೆ ಕಟ್ಟುವ ಡೇಟಾ ನೋಟ) ಬರೆಯುವಾಗ ಸೈ ಇಲ್ಲವೇ ಇಲ್ಲ. ಡಾಲರ್ ಗುರುತಿನೊಂದಿಗೆ ಸೆಷನ್ ಎಂದು ಬರೆದು ಚುಕ್ಕೆ ಇಟ್ಟು ಯೂಸರ್, ಕ್ಲೈಂಟ್, ಸಿಸ್ಟಮ್ ಡೇಟ್ ಎಂದು ಕೇಳಬೇಕು. ಹಲಗೆ ಒಳಮನೆಗೆ ಹೋಗಿದೆ, ಕಿಟಕಿಯಲ್ಲಿ ಕೇಳಿದರೆ ಒಳಗಿನವರು ಓದಿ ಹೇಳುತ್ತಾರೆ.

ಮನೆಯಲ್ಲಿ ಅಭ್ಯಾಸ ಮಾಡಲು ಸಿಸ್ಟಮ್ ಎಲ್ಲಿ ಸಿಗುತ್ತದೆ?

ಸ್ಯಾಪ್‌ನ ಕ್ಲೌಡ್ ವೇದಿಕೆಯಾದ ಬಿಟಿಪಿಯಲ್ಲಿ ಟ್ರಯಲ್ ಖಾತೆ ತೆರೆದು, ಕೋಡ್ ಬರೆಯುವ ತಂತ್ರಾಂಶವಾದ ಎಕ್ಲಿಪ್ಸ್‌ಗೆ ಅಬಾಪ್ ಉಪಕರಣಗಳನ್ನು ಸೇರಿಸಿಕೊಳ್ಳಿ. ಅದು ಕ್ಲೌಡ್ ಅಬಾಪ್, ಹಾಗಾಗಿ ಮೇಲಿನ ಉತ್ತರ ನೆನಪಿರಲಿ. ಅಲ್ಲಿನ ಸರ್ವರ್ ಯುಟಿಸಿ ಸಮಯದಲ್ಲಿ ಓಡುತ್ತದೆ ಎಂಬುದೂ ನೆನಪಿರಲಿ.

ಹೋದ ತಿಂಗಳು ಹುಡುಗಿಯೊಬ್ಬಳು ಬೆಳಗಿನ ಜಾವ 5.10ಕ್ಕೆ ಫೋನ್ ಮಾಡಿದಳು. ಸಂದರ್ಶನಕ್ಕೆ ಓದಲೆಂದು ನಾಲ್ಕಕ್ಕೇ ಎದ್ದಿದ್ದಳಂತೆ. “ಅಕ್ಕಾ, ಕ್ಲಾಸ್‌ನ ಮೆಥಡ್ಡೇ ಕರೆದಿದ್ದೇನೆ, ಆದರೂ ನಿನ್ನೆಯ ತಾರೀಕು ಬರುತ್ತಿದೆ. ಎಲ್ಲಿ ತಪ್ಪಿದೆ?” ಎಂದಳು. ಕಣ್ಣು ತೆರೆಯದೆಯೇ, ಇಪ್ಪತ್ತು ನಿಮಿಷ ಬಿಟ್ಟು ಮತ್ತೆ ಓಡಿಸು ಎಂದೆ.